ಬಾಲ ಕತ್ತರಿಸಿದ ತೂಕ

ಜಿಮ್ ಮಾಲೀಕರ ಕಣ್ಣಿಗೆ ಆ ಎರಡು ಸೊನ್ನೆಗಳು ಬಿದ್ದದ್ದೇ ತಪ್ಪಾಯಿತು. ಅವರ ಹೊಸ ತೂಕದ ಯಂತ್ರ ಇಡೀ ಕೆಜಿಗಳನ್ನಷ್ಟೇ ಅಳೆಯುತ್ತಿದ್ದರೂ ಗೋಡೆಯ ಪರದೆಗೆ ಮಾತ್ರ 68.00 ಎಂದೇ ಕಳಿಸುತ್ತಿತ್ತು.

“ಅದ್ಯಾಕ್ರೀ ಆ ಬಾಲ? ಕತ್ತರಿಸಿ ಬಿಸಾಕಿ.”

ಪ್ರೋಗ್ರಾಮರ್ ಪಿಎಚ್‌ಪಿಯಲ್ಲಿ ಒಂದೇ ಸಾಲು ಬರೆದ: ಕೊನೆಯಿಂದ ಕತ್ತರಿಸುವ ಆಜ್ಞೆಯಾದ ಆರ್‌ಟ್ರಿಮ್‌ಗೆ ‘.00’ ಕೊಟ್ಟ. ತಾನೇ ಯಂತ್ರ ಹತ್ತಿ ನಿಂತ. 68. ಸೊಗಸಾಗಿತ್ತು. ಪಿಎಚ್‌ಪಿ ಕೈಪಿಡಿಯಲ್ಲಿ ಆರ್‌ಟ್ರಿಮ್‌ನ ಪುಟವನ್ನು ತೆರೆದೂ ಇದ್ದ, ಓದದೆ ಮುಚ್ಚಿದ. ಪರದೆ ಸುಸೂತ್ರವಾಗಿ ನಡೆದರೆ ಕೆಲಸ ಖಾಯಂ ಎಂದು ಅವನ ಸಾಫ್ಟ್‌ವೇರ್ ಕಂಪನಿಯ ಬಾಸ್ ಮಾತು ಕೊಟ್ಟಿದ್ದರು. ಅವಸರಕ್ಕೆ ಅಷ್ಟು ಸಾಕಾಗಿತ್ತು.

ಸಂಜೆ ಉದ್ಘಾಟನೆ. ಬಾಸ್ ಹೆಂಡತಿಯೊಂದಿಗೆ ಬಂದರು. ಮೊದಲು ಯಂತ್ರ ಹತ್ತಿದವರು ಮಾಲೀಕರ ಅಕ್ಕ. ಪರದೆ ಹೇಳಿತು: 7 ಕೆಜಿ.

“ಅಕ್ಕಾ, ಫ್ಯಾನ್ ಕೆಳಗೆ ನಿಲ್ಲಬೇಡಿ, ಹಾರಿಹೋಗ್ತೀರ!” ಎಂದ ಜಿಮ್ ಕೋಚ್.

“ನೀನು ಸುಮ್ನಿರಪ್ಪ. ನನ್ನ ಕಷ್ಟ ಅರ್ಥ ಮಾಡ್ಕೊಳ್ಳೋ ಯಂತ್ರ ಈಗ ಸಿಕ್ಕಿದೆ.”

ಅಲ್ಲಿಯವರೆಗೆ ಹಿಂದೆ ಹಿಂದೆ ಸರಿಯುತ್ತಿದ್ದ ಬಾಸ್ ಇದನ್ನು ಕಂಡು ತಾವೇ ಮುಂದೆ ಬಂದು ಹತ್ತಿದರು. ಬೀರು ಇಟ್ಟಂತೆ ಯಂತ್ರ ನರಳಿತು. 1 ಕೆಜಿ.

ಎಲ್ಲರಿಗಿಂತ ಜೋರಾಗಿ ನಕ್ಕವರು ಬಾಸೇ. ಪ್ರೋಗ್ರಾಮರ್ ಮಾತ್ರ ಗುಂಪಿನಿಂದ ಜಾರಿಕೊಂಡ. ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೈಪಿಡಿ ಓದಿದ. ಆರ್‌ಟ್ರಿಮ್ ‘.00’ ಅನ್ನು ಒಂದು ತುಂಡೆಂದು ನೋಡುವುದಿಲ್ಲ. ಚುಕ್ಕಿಯಾಗಲಿ ಸೊನ್ನೆಯಾಗಲಿ, ಬೇರೆ ಅಂಕಿ ಅಡ್ಡ ಬರುವತನಕ ಕೊನೆಯಿಂದ ತಿನ್ನುತ್ತಲೇ ಬರುತ್ತದೆ. 68ರಲ್ಲಿ ಎಂಟು ಅಡ್ಡ ನಿಂತಿತ್ತು. ಅಕ್ಕನ 70ರ ಸೊನ್ನೆ ಬಾಲದ ಜೊತೆಗೇ ಹೋಗಿತ್ತು. ಎರಡು ನಿಮಿಷದ ಓದು. ಬೆಳಿಗ್ಗೆಯೇ ಓದಬಹುದಿತ್ತು.

ಕೊನೆಯಲ್ಲಿ ‘.00’ ಇದ್ದರಷ್ಟೇ ಆ ಮೂರು ಅಕ್ಷರ ತೆಗೆ ಎಂದು ತಿದ್ದಿ ಬರೆದ. “ಸರ್, ಸರಿಹೋಯ್ತು!” ಎಂದು ಕೂಗಿಯೇಬಿಟ್ಟ.

ಬಾಸ್ ಇನ್ನೂ ಯಂತ್ರದ ಮೇಲೇ ಇದ್ದರು. ಪರದೆ ಮಿನುಗಿ, ಮೊಳದುದ್ದದ ಕೆಂಪು ಅಂಕಿಗಳಲ್ಲಿ 100 ಎಂದಿತು.

ಬಾಸ್ ಹೆಂಡತಿ ಪರದೆಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು.

“ಏನ್ರೀ, ಎಂಬತ್ತೆರಡಕ್ಕೆ ಇಳಿದಿದೀನಿ ಅಂತ ಹೇಳಿ ದಿನಾ ಐಸ್‌ಕ್ರೀಮ್ ತಿಂತಿದ್ರಲ್ಲ?”

“ಯಂತ್ರದ್ದೇ ತಪ್ಪಿರಬೇಕು ಕಣೇ...”

“ಇಲ್ಲ ಸರ್, ಈಗ ಪಕ್ಕಾ,” ಎಂದ ಪ್ರೋಗ್ರಾಮರ್.

ಬಾಸ್ ನಿಧಾನವಾಗಿ ಇಳಿದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. “ಖಾಯಂ ವಿಷಯ ಮುಂದಿನ ವರ್ಷ ನೋಡೋಣ ಕಣಯ್ಯ.”

“ತಪ್ಪಾಯ್ತು ಸರ್. ಕೈಪಿಡಿ ಓದದೆ ಬರೆದುಬಿಟ್ಟೆ.”

“ಓದದೇ ಇದ್ದಿದ್ದಕ್ಕಲ್ಲಪ್ಪ,” ಬಾಸ್ ದನಿ ತಗ್ಗಿಸಿದರು. “ಈಗ ಓದಿದೆಯಲ್ಲ, ಅದಕ್ಕೆ.”