ಅಳಿಸಿದ್ದು ಎಲ್ಲಿಗೆ ಹೋಯಿತು?

ಶಹಾಪುರದಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಹಳೇ ಫೋನ್ ಕೊಂಡು, ಸರಿಮಾಡಿ ಮಾರುವುದೂ ಉಂಟು. ಹೊಸದು ಕೊಳ್ಳಲು ಬರುವವರು ನಗುತ್ತ ಬರುತ್ತಾರೆ. ಹಳೆಯದನ್ನು ಮಾರಲು ಬರುವವರು ಕಳ್ಳಿಯನ್ನು ನೋಡಿದಂತೆ ನನ್ನನ್ನು ನೋಡುತ್ತಾರೆ. ಅವರ ತಪ್ಪಿಲ್ಲ. ಅಳಿಸಿದ್ದನ್ನೂ ಮತ್ತೆ ತೆಗೆಯಬಹುದೆಂದು ಎಲ್ಲರೂ ಎಲ್ಲೋ ಕೇಳಿರುತ್ತಾರೆ. ಹದಿನೈದು ದಿನಕ್ಕೊಮ್ಮೆಯಾದರೂ ಇಂಥದ್ದೊಂದು ನಡೆಯದಿದ್ದರೆ ಅಂಗಡಿ ತೆರೆದಂತೆಯೇ ಅನ್ನಿಸುವುದಿಲ್ಲ.

೧. ನಮಸ್ಕಾರ

ಕೊಂಕಲ್ಲಿನ ನಿವೃತ್ತ ಮಾಸ್ತರರೊಬ್ಬರು ಫೋನನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದರು. ಬ್ಯಾಂಕಿನ ಮೆಸೇಜು, ಆಧಾರ್ ಕಾರ್ಡಿನ ಫೋಟೋ ಎಲ್ಲ ಇದರಲ್ಲಿದೆ, ಒಂದೂ ಉಳಿಯಬಾರದು ಎಂದರು. ಬೇಕಾದದ್ದನ್ನು ಹೊಸ ಫೋನಿಗೆ ದಾಟಿಸಿದೆ. ಮೆಮರಿ ಕಾರ್ಡ್ ತೆಗೆದು ಅವರ ಕೈಗೇ ಕೊಟ್ಟೆ. ಫೋನಿನಲ್ಲಿದ್ದ ಇಮೇಲ್ ಖಾತೆ ತೆಗೆದುಹಾಕಿ, ಎಲ್ಲವನ್ನೂ ಅಳಿಸುವ ಬಟನ್ನನ್ನು ಅವರ ಬೆರಳಿನಿಂದಲೇ ಒತ್ತಿಸಿದೆ.

ಅಳಿಸಿದ್ದು ಎಲ್ಲಿಗೆ ಹೋಯಿತು ಎಂದು ಕೇಳಿದರು. ಎಲ್ಲಿಗೂ ಹೋಗಿಲ್ಲ, ಇಲ್ಲವಾಯಿತು ಅಂದೆ. ಜೀವಮಾನವೆಲ್ಲ ಪಾಠ ಹೇಳಿದವರು. ಹಲಗೆ ಒರೆಸಿದರೆ ಡಸ್ಟರಿನಲ್ಲಿ ಸೀಮೆಸುಣ್ಣದ ಪುಡಿ ಉಳಿಯುತ್ತದೆ, ಇದರ ಪುಡಿ ಎಲ್ಲಿದೆ ತೋರಿಸು ಎಂದು ಹಟ ಹಿಡಿದರು. ಅಷ್ಟರಲ್ಲೇ ಫೋನ್ ಹೊಸದಾಗಿ ಎದ್ದು, ಪರದೆಯ ಮೇಲೆ ‘ನಮಸ್ಕಾರ’ ಎಂದು ತೋರಿಸಿತು.

ಮಾಸ್ತರರು ನನ್ನ ಕಡೆ ತಿರುಗಿದರು. "ನೋಡವಾ, ಅದಕ್ಕ ಇನ್ನೂ ನನ್ನ ಗುರ್ತ ಐತಿ."

೨. ಮೋಟಾರಿನ ಸಪ್ಪಳ

ಹತ್ತಿಕುಣಿಯಿಂದ ಗಂಡ ಹೆಂಡತಿ ಬಂದಿದ್ದರು. ಮಾರುವುದು ಗಂಡನ ಫೋನು. ಎಲ್ಲ ಜಲ್ದಿ ಅಳಿಸಿಬಿಡಿ ಎಂದು ಅವನು ಎರಡು ಸಲ ಹೇಳಿದ. ಆ ‘ಜಲ್ದಿ’ಯೇ ಹೆಂಡತಿಗೆ ಸಂಶಯ ಹುಟ್ಟಿಸಿತು.

"ಇಷ್ಟ ಅವಸರ ಯಾಕ? ಏನೈತಿ ಅದರಾಗ, ನಾನೂ ನೋಡತೀನಿ," ಎಂದು ಫೋನ್ ಕಸಿದುಕೊಂಡು ಸ್ಟೂಲಿನ ಮೇಲೆ ಕುಳಿತಳು.

ಎತ್ತಿನ ಫೋಟೋ ಬಂತು, ಹತ್ತಿಬೀಜದ ಚೀಟಿ ಬಂತು, ತಂಗಿಯ ಮದುವೆ ಬಂತು. ಕೊನೆಗೆ ಹೆಸರಿಲ್ಲದ ಒಂದು ರೆಕಾರ್ಡಿಂಗ್ ಸಿಕ್ಕಿತು. ಗಂಡನ ಮುಖ ಬಾಡಿತು. ನನ್ನ ಅಂಗಡಿಯಲ್ಲಿ ಒಂದು ಸಂಸಾರ ಮುರಿಯುವುದು ನನಗೆ ಬೇಕಿರಲಿಲ್ಲ. ಆಕೆ ಒತ್ತಿದಳು. ಕೇಳಿಸಿದ್ದು ಗೊರಕೆ. ಅಂಗಡಿಯ ಗಾಜು ಅದುರುವಂಥ ಗೊರಕೆ.

ಗಂಡ ತಲೆ ತಗ್ಗಿಸಿಕೊಂಡು ಒಪ್ಪಿಕೊಂಡ. ಹೆಂಡತಿ ತಾನು ಗೊರಕೆ ಹೊಡೆಯುವುದೇ ಇಲ್ಲ ಎಂದು ಮದುವೆಯಾದಾಗಿನಿಂದ ವಾದಿಸುತ್ತಿದ್ದಳಂತೆ. ಒಂದು ಮಧ್ಯಾಹ್ನ ಇವಳು ಮಲಗಿದ್ದಾಗ ಸಾಕ್ಷಿಗೆಂದು ರೆಕಾರ್ಡ್ ಮಾಡಿಕೊಂಡಿದ್ದ. ಕೇಳಿಸುವ ಧೈರ್ಯ ಮಾತ್ರ ಬಂದಿರಲಿಲ್ಲ.

ಆಕೆ ಇನ್ನೊಮ್ಮೆ ಪೂರ್ತಿ ಕೇಳಿದಳು. ಆಮೇಲೆ ಫೋನನ್ನು ನನ್ನ ಮುಂದಿಟ್ಟಳು. "ಇದು ಕೆನಾಲ್ ದಂಡಿ ಮೋಟಾರಿನ ಸಪ್ಪಳರಿ. ಅಳಸ್ರಿ, ಜಲ್ದಿ."

೩. ಪಕ್ಕಾ ಬಂದೋಬಸ್ತು

ನಾರಾಯಣಪುರದ ಕ್ವಾರ್ಟರ್ಸಿನಲ್ಲಿರುವ ಗುಮಾಸ್ತರೊಬ್ಬರು ಸುರಪುರದಲ್ಲಿ ಎರಡು ಅಂಗಡಿ ನೋಡಿ, ಇಬ್ಬರನ್ನೂ ನಂಬಲಾಗದೆ ನನ್ನ ಹತ್ತಿರ ಬಂದರು. ನನ್ನನ್ನೂ ನಂಬಿರಲಿಲ್ಲ. ಅದಕ್ಕೆಂದೇ ಎಲ್ಲವನ್ನೂ ತಾವೇ ಮುಗಿಸಿಕೊಂಡು ಬಂದಿದ್ದರು.

ಮೊದಲು ಒಂದೊಂದನ್ನೇ ಕೈಯಿಂದ ಅಳಿಸಿದರಂತೆ. ಅಳಿಸಿದ ಜಾಗದಲ್ಲಿ ಬೇರೆ ಏನಾದರೂ ತುಂಬಿದರೆ ಹಳೆಯದು ಸಿಗುವುದಿಲ್ಲವೆಂದು ಕೇಳಿ, ಕೆನಾಲಿನ ದಂಡೆಯ ಮೇಲೆ ಕುಳಿತು, ಜಾಗ ತುಂಬುವ ತನಕ ಹರಿಯುವ ನೀರಿನ ವಿಡಿಯೋ ತೆಗೆದರಂತೆ. ಅದನ್ನೂ ಅಳಿಸಿದರು. ಆಮೇಲೆ ಫೋನ್ ಬಂದ್ ಮಾಡಿ, ಪಕ್ಕದ ಗುಂಡಿಗಳನ್ನು ಒತ್ತಿ ಹಿಡಿದು ಪೂರ್ತಿ ಸ್ವಚ್ಛ ಮಾಡಿದರು. ಹೊಸ ನಂಬರು ತೆಗೆದುಕೊಂಡು, ಹಳೇ ಸಿಮ್ ಮುರಿದು ಕೆನಾಲಿಗೆ ಒಗೆದರು. ಈಗ ಯಾರಪ್ಪ ಬಂದರೂ ಒಂದಕ್ಷರ ತೆಗೆಯಲಾರ ಎಂದು ನನ್ನ ಮುಖ ನೋಡಿದರು.

ನಾನು ಫೋನ್ ಚಾಲೂ ಮಾಡಿದೆ. ಅದು ಹಳೇ ಖಾತೆಯ ಪಾಸ್‌ವರ್ಡ್ ಕೇಳಿತು. ಖಾತೆ ತೆಗೆದುಹಾಕದೆ ಗುಂಡಿ ಒತ್ತಿ ಅಳಿಸಿದರೆ, ಕದ್ದ ಫೋನಿರಬಹುದೆಂದು ಅದು ಹಾಗೆ ಕೇಳುತ್ತದೆ. ಪಾಸ್‌ವರ್ಡ್ ಹಾಕಿಕೊಡಿ ಅಂದೆ. ಯಾರಿಗೂ ಹೇಳಬಾರದಲ್ಲ ಎಂದರು. ಹೇಳಬೇಡಿ, ನೀವೇ ಒತ್ತಿ ಎಂದು ನಾನು ಆಚೆ ತಿರುಗಿ ನಿಂತೆ.

ತಿರುಗಿ ನೋಡಿದರೆ ಅವರ ಮುಖದಲ್ಲಿ ಬೆವರು. ಪಾಸ್‌ವರ್ಡ್ ನೆನಪಿರಲಿಲ್ಲ. ಕಾಗದದ ಮೇಲೆ ಬರೆದರೆ ಯಾರಾದರೂ ನೋಡುತ್ತಾರೆಂದು ಅದೇ ಫೋನಿನಲ್ಲೇ ಬರೆದಿಟ್ಟಿದ್ದರು. ಹಳೇ ನಂಬರಿಗೆ ಮೆಸೇಜು ತರಿಸಿ ಹೊಸ ಪಾಸ್‌ವರ್ಡ್ ಮಾಡೋಣವೆಂದರೆ ಸಿಮ್ ಕೆನಾಲಿನಲ್ಲಿತ್ತು. ಈ ಸ್ಥಿತಿಯಲ್ಲಿ ಫೋನ್ ಕೊಳ್ಳಲಾರೆ ಅಂದೆ.

ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದರು. "ಅಳಿಸಿದ್ದು ಹೊಳ್ಳಿ ತೆಗಿಯಾಕ ನಿಮಗ ಬರತೈತಲ್ರಿ, ಅದೊಂದ ತೆಗದ ಕೊಡ್ರಿ."

ಬರುವುದಿಲ್ಲ ಅಂದೆ. ನಂಬಲಿಲ್ಲ. ಆಣೆ ಮಾಡಿ ಹೇಳಿದೆ. ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿ, ಫೋನನ್ನು ಜೇಬಿಗಿಳಿಸಿ ಎದ್ದು ನಿಂತರು.

"ಬರೂದಿಲ್ಲಂದ್ರ ಮೊದಲ ಹೇಳಬಾರದೇನ್ರಿ ಅಕ್ಕಾರ? ನಾ ಅಳಸತಿದ್ದಿಲ್ಲ."