ಬ್ರೇಕ್ ಒತ್ತಿದರೆ ಮಾತಾಡುವ ಸಬ್‌ವೂಫರ್

“ಭಾವ, ಸ್ವಲ್ಪ ದೂರ ನಿಂತ್ಕೊಳ್ಳಿ. ಎದೆ ಅದುರುತ್ತೆ” ಎಂದ ತ್ರಿಯಂಬಕ.

ಇವನು ನನ್ನ ಹೆಂಡತಿಯ ತಮ್ಮ. ಏನೇ ಕಂಡುಹಿಡಿದರೂ ಪರೀಕ್ಷೆ ನಮ್ಮ ಮನೆಯ ಸಾಮಾನಿನ ಮೇಲೆಯೇ. ಮಿಕ್ಸಿ ಹೋಯಿತು, ಗೀಸರ್ ಹೋಯಿತು, ಈಗ ಕಾರು. ಬೇಡ ಎನ್ನುವ ಶಕ್ತಿ ನನಗೆ ಗೀಸರ್ ಕಾಲದಲ್ಲೇ ಮುಗಿದಿತ್ತು.

ಕಾರಿನ ಜೊತೆ ಬಂದ ಸ್ಟೀರಿಯೊಗೆ ಹೊರಗಿನ ಆಂಪ್ಲಿಫೈಯರ್ ಸಿಕ್ಕಿಸಲು ಜಾಗವೇ ಇಲ್ಲವಂತೆ. ಅದಕ್ಕೆ ಇವನು ಬಾಗಿಲು ಬಿಚ್ಚಿ, ಸ್ಪೀಕರಿಗೆ ಹೋಗುವ ವೈರಿನಿಂದಲೇ ಹಾಡನ್ನು ಕದ್ದು, ತಾನೇ ಮಾಡಿದ ಆಂಪ್ಲಿಫೈಯರ್‌ಗೆ ಕೊಟ್ಟು, ಡಿಕ್ಕಿಯಲ್ಲಿ ಅಕ್ಕಿ ಡಬ್ಬದಷ್ಟು ದೊಡ್ಡ, ಗುಡುಗಿನಂಥ ಸದ್ದಿನ ಸಬ್‌ವೂಫರ್ ಪೆಟ್ಟಿಗೆ ಕೂರಿಸಿದ್ದ. ಸ್ಟೆಪ್ನಿ ನಮ್ಮ ದೇವರ ಮನೆ ಪಕ್ಕ ಕೂತಿತ್ತು.

ಹಾಡು ಹಾಕಿದ. ಪೆಟ್ಟಿಗೆ ಮೂಕ. ಸ್ಟೀರಿಯೊ ಆರಿಸಿ, “ಕಾರು ಹಿಂದಕ್ಕೆ ತಗೊಳ್ಳಿ ಭಾವ, ವೈರ್ ನೋಡ್ತೀನಿ” ಎಂದ. ತೆಗೆದುಕೊಂಡೆ. ಕಾಂಪೌಂಡ್ ಹತ್ತಿರ ಬಂತೆಂದು ಬ್ರೇಕ್ ಒತ್ತಿದೆ.

“ಈ ಮಹಾನುಭಾವನಿಂದ ನನಗೆ ಮುಕ್ತಿ ಯಾವಾಗಪ್ಪಾ!”

ಎದುರುಮನೆಯ ಕಿಟಕಿ ಗಡಗಡ ಎಂದಿತು. ಧ್ವನಿ ನನ್ನದೇ. ಆದರೆ ನಾನು ಬಾಯಿ ತೆರೆದಿರಲಿಲ್ಲ.

ತ್ರಿಯಂಬಕನಿಗೆ ಬೇಜಾರಾಗುವ ಬದಲು ಖುಷಿಯಾಯಿತು. “ಸ್ಪೀಕರ್ ಹಾಡೋದಷ್ಟೇ ಅಲ್ಲ ಭಾವ, ಕೇಳಿಸ್ಕೊಳ್ಳುತ್ತೆ ಕೂಡ. ಮನಸ್ಸಲ್ಲಿ ಅಂದ್ಕೊಂಡಾಗ ಗಂಟಲು ಸಣ್ಣಗೆ ಅದುರುತ್ತಲ್ಲ, ನನ್ನ ಆಂಪ್ಲಿಫೈಯರ್ ಅದನ್ನೂ ಹಿಡಿದು ದೊಡ್ಡದು ಮಾಡಿದೆ.”

“ಬ್ರೇಕ್ ಒತ್ತಿದಾಗ ಯಾಕೆ?”

“ಆಂಪ್ಲಿಫೈಯರ್ ಆನ್ ಮಾಡೋ ವೈರನ್ನ ಡ್ಯಾಶ್‌ಬೋರ್ಡ್‌ವರೆಗೆ ಯಾರು ಎಳೀತಾರೆ? ಬ್ರೇಕ್ ಲೈಟ್ ವೈರ್ ಡಿಕ್ಕಿ ಪಕ್ಕದಲ್ಲೇ ಇತ್ತು, ಅದಕ್ಕೇ ಸಿಕ್ಕಿಸಿದೆ.”

“ಕಿತ್ತುಹಾಕು.”

“ಅರ್ಧ ದಿನ ಬೇಕು. ಬ್ರೇಕ್ ಒತ್ತದಿದ್ದರಾಯ್ತಲ್ಲ!”

ಅರ್ಧ ದಿನ ಎಲ್ಲಿತ್ತು? ಮಗಳು ಸುಮೇಧಾಳನ್ನು ನೋಡಲು ಅರಸೀಕೆರೆಯಿಂದ ಗಂಡಿನ ಕಡೆಯವರು ಬರುವ ಹೊತ್ತಾಗಿತ್ತು. ಈವರೆಗೆ ಬಂದವರೆಲ್ಲ ಉಪ್ಪಿಟ್ಟು, ಕೇಸರಿಬಾತು ತಿಂದು ‘ಊರಿಗೆ ಹೋಗಿ ತಿಳಿಸ್ತೀವಿ’ ಎಂದು ಹೋದವರೇ. ತಿಳಿಸಿದವರಿಲ್ಲ. ಇದೂ ತಪ್ಪಿದರೆ ಇನ್ನೊಂದು ಸಲ ಹಲ್ಲು ಕಿರಿದುಕೊಂಡು ಕೂರುವ ತ್ರಾಣ ನನಗಿರಲಿಲ್ಲ.

ಹುಡುಗ ನಿರಂಜನ ಬಾಯಿ ಬಿಡಲಿಲ್ಲ. ಮಾತೆಲ್ಲ ಅವನ ತಾಯಿ ಸರಸಮ್ಮನವರದೇ. ತಿಂಡಿ ಮುಗಿಸಿ, ಕೈ ತೊಳೆದು, ಅವರೂ ಅದನ್ನೇ ಅಂದರು: “ಊರಿಗೆ ಹೋಗಿ ತಿಳಿಸ್ತೀವಿ.”

“ಸ್ಟೇಷನ್‌ವರೆಗೆ ಕಾರಲ್ಲೇ ಬಿಡ್ತಾರೆ” ಎಂದುಬಿಟ್ಟಳು ನನ್ನ ಹೆಂಡತಿ, ಪೆಟ್ಟಿಗೆಯ ವಿಷಯ ಗೊತ್ತಿಲ್ಲದೆ. ಅಷ್ಟು ದೂರ ಓಡಿಸಲು ನನಗೆ ಮಂಡಿನೋವು, ಸುಮೇಧಾಳೇ ಸ್ಟೀರಿಂಗ್ ಹಿಡಿದಳು. ನಾನು ಅವಳ ಪಕ್ಕ, ತಾಯಿ ಮಗ ಹಿಂದೆ.

“ಬ್ರೇಕ್ ಒತ್ತಬೇಡ ಮಗಳೇ” ಎಂದು ಪಿಸುಗುಟ್ಟಿದೆ.

“ಮತ್ತೆ ಗೋಡೆಗೆ ಗುದ್ದಲಾ ಅಪ್ಪ?”

ಮೊದಲನೇ ಹಂಪ್ ಬಂತು. “ಕೇಸರಿಬಾತಿಗೆ ತುಪ್ಪ ಕಡಿಮೆ” ಎಂದು ಸರಸಮ್ಮನವರ ಧ್ವನಿ ಗುಡುಗಿತು. ಸರಸಮ್ಮ ಬೆಚ್ಚಿಬಿದ್ದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ರೇಡಿಯೋ ಎಂದೆ. ಎರಡನೇ ಹಂಪಿನಲ್ಲಿ ನನ್ನ ಧ್ವನಿ: “ಇದ್ದ ತುಪ್ಪವನ್ನೆಲ್ಲ ಸುರಿದಿದ್ದೀವಲ್ಲ ತಾಯಿ!” ಆಮೇಲೆ ನಾನು ರೇಡಿಯೋ ಎನ್ನಲಿಲ್ಲ.

ಮುಂದೆ ರೈಲ್ವೆ ಗೇಟು. ಮುಚ್ಚಿತ್ತು. ರಸ್ತೆ ಇಳಿಜಾರು, ನಮ್ಮ ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲ. ಸುಮೇಧಾ ಬ್ರೇಕ್ ಒತ್ತಿ ಹಿಡಿದಳು.

“ಹುಡುಗಿ ನೋಡಿ ನೋಡಿ ಕಾಲು ಬಿದ್ದುಹೋಯ್ತು. ಇದೊಂದು ಕುದುರಲಿ ದೇವರೇ, ಸಾಕಾಗಿದೆ” ಎಂದಿತು ಪೆಟ್ಟಿಗೆ, ಸರಸಮ್ಮನವರ ಧ್ವನಿಯಲ್ಲಿ.

“ನನಗೂ ಸಾಕಾಗಿದೆ. ಯಾರಾದರೂ ಆಗಲಿ, ಕರ್ಕೊಂಡು ಹೋಗಲಿ.” ಇದು ನಾನು.

ಸುಮೇಧಾ ತಿರುಗಿ ನನ್ನನ್ನು ನೋಡಿದಳು. ನನಗೆ ಬಹಳ ನಾಚಿಕೆಯಾಯಿತು.

ಆಗ ಹೊಸ ಧ್ವನಿಯೊಂದು ಬಂತು, ನಿರಂಜನನದು. “ಇಬ್ಬರೂ ಸೇರಿ ನಮ್ಮನ್ನ ಸಾಗಹಾಕ್ತಿದ್ದಾರೆ. ಈ ಹುಡುಗಿಗೆ ನಾನು ಇಷ್ಟವಾದೆನಾ ಅಂತ ಯಾರೂ ಕೇಳಲೇ ಇಲ್ಲ.”

ರೈಲು ಹೋಯಿತು. ಅವರು ಹತ್ತಬೇಕಾದದ್ದೇ ಅದು. ಗೇಟು ಎದ್ದಿತು, ಹಿಂದೆ ಹಾರ್ನ್‌ಗಳು ಶುರುವಾದವು.

“ಹೊರಡಮ್ಮ.”

“ಇರಿ ಅಪ್ಪ” ಎಂದಳು ಸುಮೇಧಾ, ಕನ್ನಡಿಯಲ್ಲಿ ಹಿಂದಿನ ಸೀಟು ನೋಡುತ್ತ. ಬ್ರೇಕಿನಿಂದ ಕಾಲು ತೆಗೆಯಲಿಲ್ಲ. ಪೆಟ್ಟಿಗೆ ಅವಳ ಧ್ವನಿಯಲ್ಲಿ, ಗೇಟಿನ ಕಂಬ ಅಲ್ಲಾಡುವಂತೆ ಹೇಳಿತು: “ಪರವಾಗಿಲ್ಲ ಇವನು. ಕೇಳಬೇಕು ಅಂತಾದರೂ ಅನ್ನಿಸ್ತಲ್ಲ.”

ಹಾರ್ನ್‌ಗಳು ನಿಂತವು. ಸರಸಮ್ಮ ಅಭ್ಯಾಸಬಲದಿಂದ “ಊರಿಗೆ ಹೋಗಿ...” ಎಂದು ಶುರುಮಾಡಿದರು.

“ಇನ್ನೇನಮ್ಮ ತಿಳ್ಸೋದು? ನಮಗೆಲ್ಲ ತಿಳೀತಲ್ಲ” ಎಂದ ಪಕ್ಕದ ಸ್ಕೂಟರಿನವನು.

ಮದುವೆಯ ಮೈಕ್ ಸೆಟ್ ತನ್ನದೇ ಎಂದು ತ್ರಿಯಂಬಕ ಹೇಳಿಕೊಂಡು ತಿರುಗುತ್ತಿದ್ದಾನೆ. ಛತ್ರದ ಮುಂದಿನ ಸಾಲಿನಲ್ಲಿ ಕೂರಲು ನೆಂಟರಲ್ಲಿ ಯಾರೂ ಒಪ್ಪುತ್ತಿಲ್ಲ.