ನಾನು ಎಬ್ಬಿಸಿದ ಅಲೆಗಳು

ನೀರು ಕಂಡರೆ ಮನುಷ್ಯನ ಬುದ್ಧಿ ಸ್ವಲ್ಪ ತೆಳ್ಳಗಾಗುತ್ತದೆ ಅಂತ ನನ್ನ ಅನುಭವ. ಅದರಲ್ಲೂ ಸಮುದ್ರವಿಲ್ಲದ ಸೀಮೆಯಲ್ಲಿ ಸಮುದ್ರ ಕಟ್ಟಿದರೆ ದಿನಕ್ಕೊಂದು ಪ್ರಸಂಗ ನಡೆಯದೇ ಇರುವುದಿಲ್ಲ. ಅಂಥ ಒಂದು ಸಮುದ್ರಕ್ಕೆ ನಾನು ಮೂರು ವರ್ಷ ಡ್ರೈವರ್ ಆಗಿದ್ದೆ.

ಸಂಡೂರು ಗುಡ್ಡದ ಗಣಿಯೊಂದರಲ್ಲಿ ಪಂಪ್ ಆಪರೇಟರ್ ಆಗಿ ನಿವೃತ್ತನಾಗಿ, ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಮನೆ ಮಾಡಿಕೊಂಡಿದ್ದೆ. ಕಂಪ್ಲಿಯ ರೈಸ್ ಮಿಲ್ ಸಾಹುಕಾರರೊಬ್ಬರು ಕರೆಸಿದರು. ಮರಿಯಮ್ಮನಹಳ್ಳಿ ರಸ್ತೆಯಲ್ಲಿ ಅವರು ಸರ್ಫಿಂಗ್ ಪಾರ್ಕ್ ಕಟ್ಟಿದ್ದರು. ದೊಡ್ಡ ಕೊಳ, ಒಂದು ತುದಿಗೆ ಗೋಡೆ, ಗೋಡೆಯ ಹಿಂದೆ ಮಷೀನ್ ರೂಮು. ಅಲ್ಲಿನ ಬ್ಲೋವರ್‌ಗಳು ಗಾಳಿ ಊದಿದರೆ ಈಚೆ ಕಡೆ ಅಲೆ ಏಳುತ್ತಿತ್ತು. ಊದಿಸುವವನು ನಾನು. ರೂಮಿಗೆ ಕಿಟಕಿ ಇರಲಿಲ್ಲ, ಅಲೆ ಏಳುವಷ್ಟು ಹೊತ್ತು ಮೀಟರಿನ ಮುಂದಿನಿಂದ ಕದಲುವಂತೆಯೂ ಇರಲಿಲ್ಲ. ಹೀಗಾಗಿ ಊರಿಗೆಲ್ಲ ಅಲೆ ತೋರಿಸಿದವನು ಒಂದು ಅಲೆಯನ್ನೂ ನೋಡಲಿಲ್ಲ.

೧. ಸೈರನ್

ಅಲೆ ಶುರುವಾಗುವ ಮುಂಚೆ ಜನರನ್ನು ಎಚ್ಚರಿಸಲು ಏನಾದರೂ ಬೇಕಲ್ಲ ಅಂದರು ಸಾಹುಕಾರರು. ಮುಚ್ಚಿಹೋದ ಗಣಿಯೊಂದರ ಕೈಸೈರನ್ ಸಂಡೂರಿನ ಗುಜರಿ ಅಂಗಡಿಯಲ್ಲಿ ಬಿದ್ದಿತ್ತು. ಹಿಡಿಕೆ ತಿರುವಿದರೆ ಸಾಕು, ಕರೆಂಟೂ ಬೇಡ. ಅದನ್ನೇ ತರಿಸಿದೆ. ಆ ಬುದ್ಧಿವಂತಿಕೆ ಪೂರ್ತಿ ನನ್ನದೇ.

ಮೊದಲ ಭಾನುವಾರವೇ ದೋಣಿಮಲೈ ಕಡೆಯಿಂದ ಒಂದು ಬಸ್ಸಿನ ತುಂಬ ಗಣಿ ಕೆಲಸಗಾರರು ಮನೆಮಂದಿಯನ್ನು ಕಟ್ಟಿಕೊಂಡು ಬಂದರು. ಗಣಿಯಲ್ಲಿ ಬಂಡೆ ಸಿಡಿಸುವ ಮುಂಚೆ ಒಂದು ಸೈರನ್ ಆಗುತ್ತದೆ, ಎಲ್ಲರೂ ಗೋಡೆಯ ಮರೆ ಸೇರಬೇಕು. ಸಿಡಿದು ಮುಗಿದ ಮೇಲೆ ಎರಡನೇ ಸೈರನ್, ಆಗ ಹೊರಗೆ ಬರಬಹುದು. ಗುಡ್ಡದ ಜನಕ್ಕೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಕೂಸುಗಳಿಗೂ ಗೊತ್ತು.

ನಾನು ಹಿಡಿಕೆ ತಿರುವಿದೆ, ಹತ್ತು ನಿಮಿಷ ಅಲೆ ಎಬ್ಬಿಸಿ ಹೊರಗೆ ಬಂದೆ. ಹೊಸಪೇಟೆಯವರೆಲ್ಲ ನೀರಿನಲ್ಲಿ ಕುಣಿಯುತ್ತಿದ್ದರು. ಬಸ್ಸಿನ ಜನ ಮಾತ್ರ ಒಬ್ಬರೂ ಕಾಣಲಿಲ್ಲ. ಹುಡುಕಿದರೆ, ಅಷ್ಟೂ ಮಂದಿ ಒದ್ದೆ ಬಟ್ಟೆಯಲ್ಲಿ ಪಾರ್ಕಿನ ಮಿರ್ಚಿ ಭಜಿ ಅಂಗಡಿಯ ಗೋಡೆಯ ಹಿಂದೆ ಸಾಲಾಗಿ ಕುಕ್ಕರಗಾಲಿನಲ್ಲಿ ಕೂತಿದ್ದರು, ಕಿವಿಗೆ ಕೈ ಒತ್ತಿಕೊಂಡು.

“ಇದು ಅಲೆ ಬರೋ ಸೈರನ್ರಿ ಅಣ್ಣಾ, ನೀರಿಗೆ ಇಳೀರಿ,” ಅಂದೆ.

ಅವರಲ್ಲಿ ಹಿರಿಯನೊಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ನೀವೂ ಗಣ್ಯಾಗ ಇದ್ದೋರಂತಲ್ರಿ. ಸೈರನ್ ಆದ ಮ್ಯಾಲೆ ಮುಂದಕ್ಕ ಹೋದಾವ ಯಾವನರ ಪೆನ್ಶನ್ ತಿಂದಾನೇನ್ರಿ?”

ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇಪ್ಪತ್ತೆಂಟು ವರ್ಷ ಗಣಿಯ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದವಳು. ನಕ್ಕು ಮುಗಿಸಿ, “ಅಲೆ ಅಂದ್ರ ಹೆಂಗಿರತೈತ್ರಿ? ನನಗೂ ಒಮ್ಮೆ ತೋರಸ್ರಿ,” ಅಂದಳು. ಅವಳು ಸಮುದ್ರ ನೋಡಿರಲಿಲ್ಲ. ಗೋಕರ್ಣಕ್ಕೆ ಹೋಗೋಣ ಅಂತ ಎರಡು ಸಲ ಚೀಲ ಕಟ್ಟಿದ್ದಳು, ಎರಡು ಸಲವೂ ನನ್ನ ಪಂಪ್ ಕೈಕೊಟ್ಟು ಚೀಲ ಬಿಚ್ಚಿದ್ದಳು.

“ಭಾನುವಾರ ಭಾಳ ಗದ್ದಲ. ಮುಂದಿನ ವಾರ ನೋಡೋಣ,” ಅಂದೆ.

೨. ಕುಂದ್ರಿ, ಕುಂದ್ರಿ!

ಸರ್ಫಿಂಗ್ ಅಂದಮೇಲೆ ಉದ್ದನೆಯ ಹಲಗೆಗಳು ಬಂದವು. ಅವುಗಳ ಮೇಲೆ ನಿಲ್ಲುವುದನ್ನು ಕಲಿಸುವವರು ಬೇಕಿತ್ತು. ಸಾಹುಕಾರರು ಹಂಪಿಗೆ ಹೋಗಿ ಹರಿಗೋಲು ನಡೆಸುವವನೊಬ್ಬನನ್ನು ಕರೆತಂದರು. ಮೂವತ್ತು ವರ್ಷ ಹೊಳೆಯಲ್ಲಿ ಪ್ರವಾಸಿಗರನ್ನು ದಾಟಿಸಿದ ಮನುಷ್ಯ, ಪೊದೆ ಮೀಸೆ, ನೀರಿಗೆ ಹೆದರುವ ಜಾಯಮಾನವೇ ಅಲ್ಲ. ಆಯ್ಕೆ ತಪ್ಪು ಅಂತ ನಮಗ್ಯಾರಿಗೂ ಅನ್ನಿಸಲಿಲ್ಲ.

ಆದರೆ ಮೂವತ್ತು ವರ್ಷ ಆತ ಪ್ರವಾಸಿಗರಿಗೆ ಹೇಳಿದ್ದು ಒಂದೇ ಮಾತು. ಹರಿಗೋಲಿನಲ್ಲಿ ಫೋಟೋಕ್ಕಂತ ಯಾರಾದರೂ ಎದ್ದು ನಿಂತರೆ ಬುಟ್ಟಿ ಮಗುಚುತ್ತದೆ. ಹಾಗಾಗಿ ಯಾರ ಮೊಣಕಾಲು ನೆಟ್ಟಗಾದರೂ ಅವನ ಬಾಯಿಂದ ತಾನೇ ಬಂದುಬಿಡುತ್ತಿತ್ತು: “ಕುಂದ್ರಿ, ಕುಂದ್ರಿ! ನಿಂತ್ರ ಮಗಚತೈತಿ!” ಮಷೀನ್ ರೂಮಿನಲ್ಲಿ ಬ್ಲೋವರ್ ಗದ್ದಲದ ನಡುವೆಯೂ ಆ ಕೂಗು ನನಗೆ ಕೇಳಿಸುತ್ತಿತ್ತು.

ಒಂದು ವಾರದಲ್ಲಿ ಪಾರ್ಕಿನ ಫೋಟೋಗಳು ಬಂದವು. ನೋಡಿದರೆ ಎಲ್ಲರೂ ಹಲಗೆಗಳ ಮೇಲೆ ಚಕ್ಕಳಮಕ್ಕಳ ಹಾಕಿ ಸಾಲಾಗಿ ಕೂತಿದ್ದಾರೆ, ಮಠದ ಪಂಕ್ತಿಯಲ್ಲಿ ಸಾರು ಬರಲಿ ಅಂತ ಕಾಯುವವರ ಹಾಗೆ. ಸಾಹುಕಾರರು ಗದರಿದ ಮೇಲೆ ಪಾಪ, ಹರಿಗೋಲಿನವನು ಪ್ರಯತ್ನವನ್ನೂ ಮಾಡಿದ. ಬಾಯಲ್ಲಿ “ನಿಂದ್ರಿ” ಅನ್ನುವನು, ಕೈ ಮಾತ್ರ ಅವರ ಹೆಗಲು ಹಿಡಿದು ಕೆಳಕ್ಕೆ ಒತ್ತುತ್ತಿತ್ತು.

ಕಾಲೇಜು ಹುಡುಗನೊಬ್ಬ ವಾದಕ್ಕೇ ನಿಂತ. “ಅಂಕಲ್, ಸರ್ಫಿಂಗ್ ಅಂದ್ರ ನಿಂತ್ಕೊಂಡು ಹೋಗೋದು. ನಾ ವಿಡಿಯೋದಾಗ ನೋಡೀನಿ.”

“ವಿಡಿಯೋದಾಗ ನಿಂತಿದ್ನಲ್ಲ, ಅವ ಆಮ್ಯಾಲೆ ಎಲ್ಲಿಗೆ ಹೋದ ಅಂತ ನೋಡೀಯೇನು?”

ಹುಡುಗ ಯೋಚನೆ ಮಾಡಿ ಕೂತುಕೊಂಡ.

೩. ಒಲ್ಲೆ ಅಂದ ಗಂಗವ್ವ

ನಮ್ಮ ಕಡೆ ಅಣೆಕಟ್ಟು ತುಂಬಿದರೆ ಗಂಗೆಗೆ ಬಾಗಿನ ಬಿಡುತ್ತಾರೆ. ಸಾಹುಕಾರರ ತಾಯಿ ಒಂದು ಶುಕ್ರವಾರ ಮೊರದ ಬಾಗಿನ ಹಿಡಿದು ಬಂದರು. ಮಗ ಇಷ್ಟು ನೀರು ನಿಲ್ಲಿಸಿದ್ದಾನೆ, ಗಂಗವ್ವನಿಗೆ ಉಡಿ ತುಂಬದಿದ್ದರೆ ಹೇಗೆ? ಅಲೆ ಬೇಕೇ ಬೇಕು ಅಂದರು. ಎಬ್ಬಿಸಿದೆ.

ಬಳೆ, ಖಣ, ಕಾಯಿ ತುಂಬಿದ ಮೊರವನ್ನು ಅವರು ಭಕ್ತಿಯಿಂದ ನೀರಿಗೆ ಬಿಟ್ಟರು. ಅಲೆ ಅದನ್ನು ತಂದು ಅವರ ಕಾಲ ಬಳಿಯೇ ಇಟ್ಟು ಹೋಯಿತು. ಮತ್ತೆ ಬಿಟ್ಟರು, ಮತ್ತೆ ಬಂತು. ಮೂರನೇ ಸಲವೂ ಬಂದಾಗ ಮುದುಕಿ ಅಲ್ಲೇ ಕೂತು ಅಳತೊಡಗಿದರು. “ಗಂಗವ್ವ ಒಲ್ಲೆ ಅಂತಾಳಲ್ಲೋ! ಆಕಿ ತಗೊಳ್ಳೋತನಕ ನಾ ನೀರು ಸತೇಕ ಮುಟ್ಟಂಗಿಲ್ಲ.”

ಸಾಹುಕಾರರು ಓಡಿಬಂದು ನನ್ನ ಬಾಗಿಲು ಬಡಿದರು. ಬ್ಲೋವರ್ ಆರಿಸಿದೆ. ಮುದುಕಿ ಮೊರವನ್ನು ಮತ್ತೊಮ್ಮೆ ನೀರಿಗೆ ತಳ್ಳಿದರು. ಹರಿಗೋಲಿನವನು ಸದ್ದಿಲ್ಲದೆ ಆಚೆ ದಂಡೆಯಿಂದ ಮುಳುಗಿ, ಮೊರ ನಡುನೀರಿಗೆ ಬಂದಾಗ ಅಡಿಯಿಂದ ಹಿಡಿದೆಳೆದ. ಮೊರ ಗುಳಕ್ ಅಂತ ಮಾಯವಾಯಿತು. ಮುದುಕಿ ಕೈಮುಗಿದರು, ಕಣ್ಣೊರೆಸಿಕೊಂಡರು, ಆಮೇಲೆ ಮಗನ ಕಿವಿಯಲ್ಲಿ ಕೇಳಿದರು: “ತಗೊಂಡ್ಳು ಬಿಡಪ್ಪಾ. ಆದ್ರ ಗಂಗವ್ವಗ ಮೀಸಿ ಯಾವಾಗ ಬಂದಾವು?”

ಆವತ್ತು ತಲೆ ಒರೆಸಿಕೊಳ್ಳುತ್ತ ಹರಿಗೋಲಿನವನು ನನಗೆ ಹೇಳಿದ, “ಅಣ್ಣಾ, ವೈನಿಯೋರನ್ನ ಒಮ್ಮೆ ಕರ್ಕೊಂಡು ಬರ್ರಿ. ಹಲಗಿ ಮ್ಯಾಲೆ ಕುಂದ್ರಿಸಿ ಒಂದು ಸುತ್ತು ತಿರುಗಿಸ್ತೀನಿ, ಕೂದಲೂ ತೊಯ್ಯಂಗಿಲ್ಲ.” ನೋಡೋಣ ಅಂದೆ. ಮುಂದಿನ ತಿಂಗಳು ಅವನು ಕೆಲಸ ಬಿಟ್ಟು ಹೊಳೆಗೆ ವಾಪಸು ಹೋದ. ಅವನು ಹೇಳಿದ ದಿನವೇ ಕರೆತಂದಿದ್ದರೆ ಏನು ಗಂಟು ಹೋಗುತ್ತಿತ್ತು ಅಂತ ಈಗ ಅನ್ನಿಸುತ್ತದೆ.

೪. ನೈಲಾನ್ ಚಡ್ಡಿ

ಪಾರ್ಕಿನಲ್ಲಿ ಒಂದು ನಿಯಮವಿತ್ತು. ನೈಲಾನ್ ಬಟ್ಟೆ ಹಾಕಿಕೊಂಡವರಷ್ಟೇ ನೀರಿಗೆ ಇಳಿಯಬೇಕು, ಸೀರೆ ಕೂಡದು. ಈ ನಿಯಮ ಕೊಳಕ್ಕಿಂತ ನನ್ನ ಮನೆಯಲ್ಲೇ ಹೆಚ್ಚು ಉಪಯೋಗಕ್ಕೆ ಬಂತು. ಹೆಂಡತಿ ಅಲೆಯ ಮಾತೆತ್ತಿದಾಗಲೆಲ್ಲ, “ನೈಲಾನ್ ಚಡ್ಡಿ ಹಾಕ್ಕೊಂತಿಯೇನು? ಅದಿಲ್ಲದ ಯಾರೂ ನೀರಿಗೆ ಇಳಿಯಂಗಿಲ್ಲ,” ಅನ್ನುತ್ತಿದ್ದೆ.

ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ. ನಿಯಮ ನೆಪ ಅಷ್ಟೇ. ಪೇಟೆಯ ಹುಡುಗ ಹುಡುಗಿಯರ ನಡುವೆ, ಸಾಹುಕಾರರ ಎದುರು, ನನ್ನ ಹೆಂಡತಿ ಸೀರೆ ಎತ್ತಿ ಕಟ್ಟಿಕೊಂಡು ನೀರಿನಲ್ಲಿ ನಿಲ್ಲುವುದು ಅಂದರೆ ನನಗೆ ನಾಚಿಕೆಯಾಗುತ್ತಿತ್ತು.

ಒಂದು ದಿನ ಕಂಪ್ಲಿ ಕಡೆಯ ಭತ್ತದ ನಾಟಿ ಮಾಡುವ ಹೆಂಗಸರು ಟ್ರಾಕ್ಟರಿನಲ್ಲಿ ಬಂದಿಳಿದರು. ಹದಿನೈದಿಪ್ಪತ್ತು ಮಂದಿ. ಗದ್ದೆಗೆ ಇಳಿಯುವವರ ಹಾಗೆ ಸೀರೆ ಮೊಣಕಾಲಿಗೆ ಕಟ್ಟಿ ನೇರ ಕೊಳದತ್ತ ನಡೆದರು. ಗಾರ್ಡ್ ಅಡ್ಡ ನಿಂತ. “ಸೀರಿ ಬ್ಯಾಡ್ರಿ ಯವ್ವಾ, ನೈಲಾನ್ ಚಡ್ಡಿ ಹಾಕ್ಕೊಂಡು ಬರ್ರಿ.”

ಮುಂದಿದ್ದವಳು ಸೊಂಟದ ಮೇಲೆ ಕೈಯಿಟ್ಟಳು. “ಹುಟ್ಟಿದಾಗಿಂದ ಇದೇ ಸೀರ್‍ಯಾಗ ಹೊಳಿಗೆ ಇಳೀತೀವಿ. ತುಂಗಭದ್ರಿನೇ ಒಂದು ಮಾತು ಅಂದಿಲ್ಲ. ನಿನ್ನ ಈ ನೀರಿನ ಬಾನಿ ಏನ್ ಅಂತೈತೋ ತಮ್ಮಾ?”

ಇಳಿದೇ ಇಳಿದರು. ಗಾರ್ಡ್ ಆಮೇಲೆ ಹೇಳಿದ ಪ್ರಕಾರ, ಅಲೆಗೆ ಜಿಮ್ ಹುಡುಗರೆಲ್ಲ ದಬದಬ ಬಿದ್ದರೂ ಕೆಸರಿನಲ್ಲಿ ಪಳಗಿದ ಆ ಕಾಲುಗಳು ಒಂದೂ ಜಾರಲಿಲ್ಲವಂತೆ. ಹೆಂಡತಿ ನಕ್ಕಾಳು ಅಂತ ಮನೆಯಲ್ಲಿ ಹೇಳಿದೆ. ಅವಳು ನಗಲಿಲ್ಲ.

“ಅವ್ರನ್ನ ಸೀರ್‍ಯಾಗ ಬಿಟ್ರೇನ್ರಿ?”

“ಬಿಡಲಾರದ ಏನ್ ಮಾಡೋದು? ಜಗಳಕ್ಕ ನಿಂತ್ರು.”

“ಹಂಗಾರ ನಾನೂ ಜಗಳ ಮಾಡಬೇಕಿತ್ತು,” ಅಂದು ಒಳಗೆ ಹೋದಳು.

೫. ಕೊನೆಯ ಅಲೆ

ಮೂರನೇ ವರ್ಷದ ಕೊನೆಗೆ ಸಾಹುಕಾರರು ಕೊಳ ಮುಚ್ಚಿ ಕಲ್ಯಾಣ ಮಂಟಪ ಕಟ್ಟುವುದಾಗಿ ಹೇಳಿದರು. “ಅಲೆ ನೋಡಾಕ ಬರೋರು ಒಮ್ಮೆ ಬಂದು ಸುಮ್ನಾಗ್ತಾರ. ಮದಿವಿ ಹಂಗಲ್ಲ, ಎಲ್ಲಾರ ಮನ್ಯಾಗೂ ಆಗತಾವ.” ಕರೆಂಟ್ ಆಗಲೇ ತೆಗೆಸಿದ್ದರು. ಮರುದಿನ ಕೊಳದ ನೀರನ್ನು ಹೊರಕ್ಕೆ ಬಿಡುವುದಿತ್ತು. ಜನರೇಟರಿನಲ್ಲಿ ಒಂದೇ ಒಂದು ಸುತ್ತಿನ ಅಲೆಗೆ ಆಗುವಷ್ಟು ಡೀಸೆಲ್ ಉಳಿದಿತ್ತು. ನಾನು ಕೇಳಿದೆ, ಅವರು ಹೂಂ ಅಂದರು.

ಮಧ್ಯಾಹ್ನ ಹೆಂಡತಿಯನ್ನು ಸ್ಕೂಟರಿನಲ್ಲಿ ಕರೆತಂದೆ. ಪಾರ್ಕಿನಲ್ಲಿ ನಾವಿಬ್ಬರೇ. ಅವಳು ಚಪ್ಪಲಿ ದಂಡೆಯಲ್ಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಳು. ಹೊಸ ಸೀರೆ ಉಟ್ಟು ಬಂದಿದ್ದಳು. “ಇಲ್ಲೇ ನಿಂದ್ರು, ಹತ್ತು ನಿಮಿಷ ಅಲೆ ಬರತೈತಿ,” ಅಂದು ಮಷೀನ್ ರೂಮಿಗೆ ಹೋದೆ.

ಮೂರು ವರ್ಷದ ರೂಢಿ. ಕೈ ತಾನಾಗಿಯೇ ಸೈರನ್ ತಿರುವಿತು. ಆಮೇಲೆ ಬ್ಲೋವರ್ ಹಾಕಿದೆ. ಅವಳೊಬ್ಬಳಿಗಾಗಿ ಎಬ್ಬಿಸಿದ ಅಲೆ, ಪೂರ್ತಿ ಜೋರಿನಲ್ಲಿ ಬಿಟ್ಟೆ. ಡೀಸೆಲ್ ತೀರಿ ಜನರೇಟರ್ ಕೆಮ್ಮಿ ನಿಂತಿತು. ಅವಳ ಮುಖ ನೋಡಬೇಕು ಅಂತ ಓಡಿಬಂದೆ.

ಕೊಳದಲ್ಲಿ ಯಾರೂ ಇರಲಿಲ್ಲ. ದಂಡೆಯಲ್ಲಿ ಚಪ್ಪಲಿ ಹಾಗೇ ಇದ್ದವು.

ಆಮೇಲೆ ನಾನೇನು ಮಾಡಿದೆನೋ ನನಗೇ ಸರಿಯಾಗಿ ನೆನಪಿಲ್ಲ. ಪ್ಯಾಂಟು, ಅಂಗಿ, ವಾಚು, ಜೇಬಿನ ಮೊಬೈಲು ಸಮೇತ ನೀರಿಗೆ ಬಿದ್ದಿದ್ದೆ. ಎದೆಮಟ್ಟದ ನೀರಿನಲ್ಲಿ ಕೈಯಾಡಿಸಿ ಹುಡುಕುತ್ತಿದ್ದೆ, ಅವಳ ಹೆಸರು ಹಿಡಿದು ಕೂಗುತ್ತಿದ್ದೆ. ಅಷ್ಟರಲ್ಲಿ ಮಿರ್ಚಿ ಅಂಗಡಿಯ ಗೋಡೆಯ ಹಿಂದಿನಿಂದ ಒಂದು ಕೂಗು ಬಂತು.

“ಅಲ್ಲಿ ಬಯಲಾಗ ಯಾಕ ನಿಂತೀರ್‍ರಿ! ತಲಿ ಕೆಟ್ಟೈತೇನು? ಇನ್ನಾ ಎರಡನೇ ಸೈರನ್ ಆಗಿಲ್ಲ, ಜಲ್ದಿ ಈ ಕಡಿ ಬರ್ರಿ!”

ಗೋಡೆಯ ಮರೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಕಿವಿಗೆ ಕೈ ಒತ್ತಿಕೊಂಡು, ಅವಳು ನನ್ನ ಜೀವಕ್ಕೆ ಹೆದರುತ್ತಿದ್ದಳು. ಹೊರಗೆ ಬಾ ಅಂದರೆ ಬರಲೊಲ್ಲಳು. ಬೇರೆ ದಾರಿ ಇಲ್ಲದೆ ನೀರು ಸುರಿಸುತ್ತ ಮತ್ತೆ ಮಷೀನ್ ರೂಮಿಗೆ ಹೋದೆ, ಹಿಡಿಕೆ ಹಿಡಿದು ಎರಡನೇ ಸೈರನ್ ತಿರುವಿದೆ. ಆಗ ಎದ್ದು ಬಂದಳು. ಕೊಳದ ನೀರು ಅಲ್ಲಾಡದೆ ನಿಂತಿತ್ತು. ಅದನ್ನು ನೋಡಿದ ಮೇಲೆಯೇ ಅವಳಿಗೆ ತಾನೇನು ಮಾಡಿದೆ ಅಂತ ಹೊಳೆದದ್ದು.

“ಅಲೆ ಬಂದಿತ್ತೇನ್ರಿ?”

“ಬಂದು ಹೋತು.”

“ಹೆಂಗಿತ್ತು?”

“ನಾನೂ ನೋಡಿಲ್ಲ.”

ಮೂರು ವರ್ಷದಲ್ಲಿ ಸಾವಿರಾರು ಅಲೆ ಎಬ್ಬಿಸಿದವನಿಗೆ ಒಂದನ್ನಾದರೂ ಇವಳಿಗೆ ತೋರಿಸಲಾಗಲಿಲ್ಲವಲ್ಲ ಅನ್ನಿಸಿತು. ಕ್ಷಮಿಸು ಅನ್ನಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವಳು ನನ್ನ ತೊಯ್ದ ಅಂಗಿ, ನೀರಿಳಿಯುವ ಪ್ಯಾಂಟು, ಪಚಪಚ ಅನ್ನುವ ಬೂಟು ಎಲ್ಲವನ್ನೂ ಒಂದೊಂದಾಗಿ ನೋಡಿ ಕೇಳಿದಳು:

“ಅಲ್ರೀ, ನೈಲಾನ್ ಚಡ್ಡಿ ಇಲ್ಲದ ಯಾರೂ ನೀರಿಗೆ ಇಳಿಯಂಗಿಲ್ಲ ಅಂತಿದ್ರಲ್ಲ?”